ಮೇಜಿನ ಕೆಳಗೆ

"ಹೌದು," ಎಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ.

ಏನೂ ತಗುಲಿದ ಹಾಗಿರಲಿಲ್ಲ. ಆದರೆ ಡಾಕ್ಟರಮ್ಮ ಕೂತಿದ್ದ ಗಾಲಿ ಸ್ಟೂಲು ಕಿರ್ ಎಂದಿತ್ತು. ಆಕೆ ಮುಂದಕ್ಕೆ ಬಾಗಿ ನೈಲಾನ್ ದಾರದ ತುದಿಯನ್ನು ಅಂಗಾಲಿಗೆ ಒತ್ತುವಾಗಲೆಲ್ಲ ಅದು ಹಾಗೆ ಸದ್ದು ಮಾಡುತ್ತಿತ್ತು; ತಗುಲಿದ್ದು ಗೊತ್ತಾದರೆ 'ಹೌದು' ಎನ್ನಬೇಕಿತ್ತು. ಮೊದಲ ಸಲ ಮೇಷ್ಟ್ರು ಸುಮ್ಮನಿದ್ದಾಗ ಆಕೆ 'ಹ್ಞೂಂ' ಎಂದಿದ್ದಳು. ಪೆನ್ನು ಗೀಚಿದ್ದು ಕೇಳಿಸಿತ್ತು. ಆ 'ಹ್ಞೂಂ' ಅವರಿಗೆ ಹಿಡಿಸಲಿಲ್ಲ. ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ಡುಮ್ಕಿ ಹೊಡೆದವರಲ್ಲ.

ಕಿರ್. "ಹೌದು." ಕಿರ್. "ಹೌದು."

ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದ ಕಾಲದಲ್ಲಿ ಕಾಪಿ ಹೊಡೆಯುವವರನ್ನು ಹಿಡಿಯುವುದರಲ್ಲಿ ಮೇಷ್ಟ್ರದು ಎತ್ತಿದ ಕೈ. ಹುಡುಗರು ಅವರನ್ನು ಹದ್ದು ಎಂದು ಕರೆಯುತ್ತಿದ್ದರು. ಈಗ ಹದ್ದೇ ಕಣ್ಣು ಮುಚ್ಚಿಕೊಂಡು ಒಂದು ಸ್ಟೂಲಿನಿಂದ ಕಾಪಿ ಹೊಡೆಯುತ್ತಿತ್ತು. ಅವರಿಗೆ ಒಳಗೊಳಗೇ ನಗು ಬಂತು.

"ಪರವಾಗಿಲ್ಲ ಸರ್, ಚೆನ್ನಾಗೇ ಗೊತ್ತಾಗ್ತಿದೆ," ಎಂದಳು ಡಾಕ್ಟರಮ್ಮ. "ಶುಗರ್ ಇರೋರಿಗೆ ಮೊದಲು ಕಾಲಿನ ನರಾನೇ ಹೋಗೋದು. ಉರಿ ಗಿರಿ ಇದೆಯಾ?"

"ಹೋದ ವರ್ಷ ಇತ್ತು, ಕೆಂಡ ತುಳಿದ ಹಾಗೆ. ಈಗ ತಾನಾಗೇ ಹೋಯ್ತು."

ಆಕೆ ಅವರ ಮುಖವನ್ನೊಮ್ಮೆ ನೋಡಿದಳು. ಹೊರಗೆ ಇನ್ನೂ ಜನ ಕಾಯುತ್ತಿದ್ದರು.

ಕೂದಲೆಳೆಯಂಥ ದಾರ ತಗುಲಿದ್ದು ಗೊತ್ತಾಗದಿದ್ದರೆ ಅದೇನು ರೋಗವೇ? ಮೆಟ್ಟಿಲಿಳಿಯುವ ಹೊತ್ತಿಗೆ ತಾವು ನಿಜವಾಗಿಯೂ ಪಾಸಾಗಿದ್ದೇವೆಂದೇ ಮೇಷ್ಟ್ರಿಗೆ ಅನ್ನಿಸಿತು.

"ಏನಂದ್ರು?" ಕೆಳಗೆ ಕಾದಿದ್ದ ಹೆಂಡತಿ ಕೇಳಿದಳು.

"ಫಸ್ಟ್ ಕ್ಲಾಸು."

ಅಲ್ಲಿಂದ ಸೀದಾ ಬೀಗರ ಮನೆಗೆ ಊಟಕ್ಕೆ. ಟ್ಯಾಕ್ಸಿಯಲ್ಲಿ ಹೆಂಡತಿ ದನಿ ತಗ್ಗಿಸಿದಳು.

"ರೀ, ಸ್ವಲ್ಪ ಕಿವಿಗೆ ಹಾಕ್ಕೊಳ್ಳಿ. ಅಳಿಯಂದ್ರು ಕೆಲಸ ಬಿಟ್ಟು ಎರಡು ತಿಂಗಳಾಯ್ತಂತೆ. ಅವರಪ್ಪಂಗೆ ಹೇಳಿಲ್ಲ. ದಿನಾ ಬ್ಯಾಗು ಹಾಕ್ಕೊಂಡು ಹೋಗಿ ಲೈಬ್ರರೀಲಿ ಕೂತಿರ್ತಾರಂತೆ. ಆ ಮನುಷ್ಯನಿಗೆ ಗೊತ್ತಾದ್ರೆ ಇಬ್ಬರನ್ನೂ ಮನೆಯಿಂದ ಆಚೆ ಹಾಕ್ತಾನೆ. ಮಗಳು ಆಣೆ ಹಾಕಿಸ್ಕೊಂಡು ಹೇಳಿದಾಳೆ. ನೀವು ಬಾಯಿ ಬಿಡಬೇಡಿ."

"ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೆ ಗೊತ್ತಿಲ್ವಾ? ಜಾಸ್ತಿ ಆದ್ರೆ ತುಳಿ."

"ತುಳಿದ್ರೆ ಕೇಳ್ತೀರಾ?" ಎಂದು ಅವಳು ಕಿಟಕಿಯತ್ತ ತಿರುಗಿಕೊಂಡಳು.

ತುಳಿಯುವುದು ಅವರ ಸಂಸಾರದ ಹಳೆಯ ಏರ್ಪಾಡು. ನಾಲ್ಕು ಜನರ ಮುಂದೆ ಮೇಷ್ಟ್ರು ನಾಲಿಗೆ ಹರಿಬಿಟ್ಟರೆ ಸಾಕು, ಮೇಜಿನ ಕೆಳಗೆ ಹೆಂಡತಿಯ ಹಿಮ್ಮಡಿ ಅವರ ಪಾದದ ಮೇಲೆ ಬೀಳುತ್ತಿತ್ತು. ಎಷ್ಟು ಜಗಳ, ಎಷ್ಟು ಮಾನ ಹಾಗೆ ಉಳಿದಿತ್ತೋ! ಈಗ ಒಂದು ವರ್ಷದಿಂದ ಅವಳು ತುಳಿದೇ ಇರಲಿಲ್ಲ. ತಮ್ಮ ಮಾತಿಗೂ ಹದ ಬಂದಿದೆ, ಅವಳೂ ಮೆತ್ತಗಾಗಿದ್ದಾಳೆ ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು. ಮದುವೆಯಾದ ಮೇಲೆ ಇಂಥ ನೆಮ್ಮದಿಯ ವರ್ಷವನ್ನು ಅವರು ಕಂಡಿರಲಿಲ್ಲ.

ಬೀಗರು ಜೈಲಿನ ಅಧಿಕಾರಿಯಾಗಿದ್ದವರು; ಊಟಕ್ಕೆ ಕೂತವರನ್ನೂ ತಲೆ ಎಣಿಸುವವರ ಹಾಗೆ ನೋಡುತ್ತಿದ್ದರು. ಅಳಿಯ ಎಂದಿನಂತೆ ಬ್ಯಾಗು ಹಾಕಿಕೊಂಡು 'ಆಫೀಸಿಗೆ' ಹೋಗಿದ್ದ; ಮಗಳು ಬಡಿಸುತ್ತಿದ್ದಳು. ಹೊಟ್ಟೆ ತುಂಬುತ್ತ ಬಂದ ಹಾಗೆ ಮೇಷ್ಟ್ರ ಬಾಯಿ ಕಡಿಯತೊಡಗಿತು. ವಿಷಯದ ಅಂಚಿನವರೆಗೆ ಹೋಗಿ ನಾಜೂಕಾಗಿ ಹಿಂದೆ ಬರಬಹುದು; ಹೇಗೂ ತಡೆಯಲು ಅವಳಿದ್ದಾಳೆ.

"ಅಳಿಯಂದ್ರಿಗೆ ಓದಿನ ಹುಚ್ಚು ನೋಡಿ, ಬೀಗರೇ."

ಮಗಳ ಕೈಯ ಸೌಟು ನಿಂತಿತು. ಹೆಂಡತಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಮೇಷ್ಟ್ರು ಒಂದು ಗಳಿಗೆ ಕಾದರು. ಪಾದದ ಮೇಲೆ ಏನೂ ಬೀಳಲಿಲ್ಲ. ಸರಿ, ಇಲ್ಲಿಯವರೆಗೆ ಅಡ್ಡಿಯಿಲ್ಲ.

"ಲೈಬ್ರರಿಯವರಿಗೆಲ್ಲ ಅವರು ಚಿರಪರಿಚಿತರಂತೆ."

ಮತ್ತೆ ಕಾದರು. ಹೆಂಡತಿ ಕುರ್ಚಿಯನ್ನು ಇನ್ನಷ್ಟು ಸರಿಸಿದಳು. ಅವಳ ಭುಜ ತಾಗಿತು. ಎಷ್ಟು ಆಸೆಯಿಂದ ಕೇಳುತ್ತಿದ್ದಾಳೆ, ಪಾಪ! ಮೇಷ್ಟ್ರಿಗೆ ಅವಳ ಮೇಲೆ ಪ್ರೀತಿ ಉಕ್ಕಿತು.

"ಬೆಳಿಗ್ಗೆ ಬಾಗಿಲು ತೆಗೆಯೋದೇ ತಡ, ಹೋಗಿ ಕೂರ್ತಾರಂತೆ."

"ಬೆಳಿಗ್ಗೆನಾ?" ಎಂದರು ಬೀಗರು.

"ರೀ, ನೀರು ಕುಡೀರಿ," ಎಂದಳು ಹೆಂಡತಿ.

ಮೇಷ್ಟ್ರು ಕುಡಿದರು. "ಎದ್ದೇಳೋದು ಸಂಜೇನೇ."

ಬೀಗರು ತಟ್ಟೆಯಿಂದ ಕೈ ತೆಗೆದರು. "ಯಾವತ್ತಿಂದ ನಡೀತಿದೆ ಇದು?" ಎಂದು ಸೊಸೆಯನ್ನು ಕೇಳಿದರು. ಅವಳು ಅಪ್ಪನನ್ನು ನೋಡಿದಳು. ಸೌಟನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ತುಳಿಯಲಿಲ್ಲವಲ್ಲ, ಎಂದುಕೊಂಡರು ಮೇಷ್ಟ್ರು.

ಸಂಜೆ ಮಗಳ ಫೋನು ಬಂತು. ಹೆಂಡತಿ ಬಹಳ ಹೊತ್ತು ಕೇಳಿಸಿಕೊಂಡಳು. ಕೆಳಗಿಟ್ಟ ಮೇಲೆ, "ಬಸ್ ಸ್ಟ್ಯಾಂಡಲ್ಲಿ ನಿಂತಿದಾರೆ, ಇಬ್ಬರೂ. ಇಲ್ಲಿಗೆ ಬನ್ನಿ ಅಂದ್ರೆ, ಅಪ್ಪನ ಮುಖ ನೋಡಲ್ಲ ಅಂದ್ಲು," ಎಂದಳು.

"ನೀನು ತುಳೀಲೇ ಇಲ್ವಲ್ಲೇ!" ಮೇಷ್ಟ್ರು ಮಂಚದ ಮೇಲೆ ಕೂತು ಕಾಲುಚೀಲ ಎಳೆಯುತ್ತಿದ್ದರು. ಅದು ಬರಲೊಲ್ಲದು. ಜಗ್ಗಿದಾಗ ಅಂಟಿದ್ದು ಬಿಟ್ಟುಕೊಂಡು ಬಂತು. ಪಾದದ ಮೇಲೆ ದುಂಡಗೆ, ಕುರ್ಚಿಯ ಕಾಲಿನಷ್ಟೇ ಅಗಲದ ಗಾಯ. ರಕ್ತ ಒಣಗಿ ಕಪ್ಪಾಗಿತ್ತು.

ಹೆಂಡತಿ ಬಗ್ಗಿ ನೋಡಿದಳು.

"ಅಯ್ಯೋ, ಕುರ್ಚಿ! ನೋವಾಗ್ಲಿಲ್ವಾ?"

"ಇಲ್ಲ."

"ಒಂದು ವರ್ಷದಿಂದ ತುಳೀತಾನೇ ಇದೀನಿ," ಎಂದಳು ನಿಧಾನವಾಗಿ. "ಬೇಕಂತಲೇ ಕೇಳ್ತಿಲ್ಲ ಅಂದ್ಕೊಂಡೆ. ಯಾವತ್ತೋ ನಿಮ್ಮನ್ನ ಮನಸ್ಸಿಂದ ತೆಗೆದುಹಾಕ್ಬಿಟ್ಟೆ."

ಮೇಷ್ಟ್ರು ಗಾಯದತ್ತ ನೋಡಿದರು. ಆದರೆ ಒಂದೇ ಗಳಿಗೆ. "ಡಾಕ್ಟರೇ ಪಾಸು ಮಾಡಿದಾರೆ. ಬೇಕಾದ್ರೆ ನೀನೇ ನೋಡು. ಕಣ್ಣು ಮುಚ್ಕೋತೀನಿ, ಮುಟ್ಟು."

ಮುಚ್ಚಿಕೊಂಡರು. ಬಳೆ ಸದ್ದಾಯಿತು.

"ಹೌದು," ಎಂದರು.

ಮತ್ತೆ ಬಳೆಯ ಸದ್ದು. "ಹೌದು." ಅವಳ ಕೈ ತಮ್ಮ ಪಾದದ ಮೇಲಿದೆ, ಸಂದೇಹವೇ ಇಲ್ಲ. ಎಷ್ಟು ಮೃದು! ಮೇಷ್ಟ್ರಿಗೆ ಹಾಯೆನಿಸಿತು. ಹಾಗೇ ನಗುತ್ತ ಕಣ್ಣು ಬಿಟ್ಟರು.

ಹೆಂಡತಿ ಕೋಣೆಯ ಆ ತುದಿಯಲ್ಲಿ, ಅವರಿಗೆ ಬೆನ್ನು ಮಾಡಿ, ಕಿಟಕಿಯ ಸರಳು ಹಿಡಿದು ಬೀದಿ ನೋಡುತ್ತಿದ್ದಳು. ಇನ್ನೊಂದು ಸಲ ಕಣ್ಣೊರೆಸಿಕೊಂಡಳು. ಬಳೆ ಸದ್ದಾಯಿತು.

ಮೇಷ್ಟ್ರ ಬಾಯಿ ತಾನಾಗಿಯೇ "ಹೌದು" ಎಂದಿತು.