ಎರಡು ಎಡತೋಳು

"ಎರಡೂ ಎಡಗೈದೇ ಆಗೋಯ್ತಲ್ಲ, ಈಗೇನು ಮಾಡೋದು?"

ತಂಗಿ ಕೇಳಿದ್ದು ಯಾರನ್ನೂ ಅಲ್ಲ. ಕಟಿಂಗ್ ಟೇಬಲ್ಲಿನ ಮೇಲೆ ಬೂದುಬಣ್ಣದ ಕೋಟಿನ ತೋಳುಗಳೆರಡು ಒಂದೇ ಕಡೆಗೆ ಬಾಗಿ ಮಲಗಿದ್ದವು. ಬಟ್ಟೆಯ ಅಗಲ ಸಾಲದೆಂದು ಮಡಿಸದೆ ಒಂದೊಂದಾಗಿ ಕತ್ತರಿಸಿದ್ದಳು. ಎರಡನೆಯದಕ್ಕೆ ಕಾಗದದ ಅಚ್ಚನ್ನು ಮಗುಚಿ ಹಾಕುವುದನ್ನು ಮರೆತಿದ್ದಳು. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು.

ಅಂಗಡಿಯವರೆಲ್ಲ ಮಾವ ಎಂದು ಕರೆಯುವ, ಕಾಜಾ ಹೊಲಿಯುವ ಮುದುಕರು ಕನ್ನಡಕದ ಮೇಲಿಂದ ಇಣುಕಿದರು. "ಬಿಡಮ್ಮ, ಎರಡೂ ಎಡಗೈ ಇರೋ ಗಿರಾಕಿನ ಹುಡುಕಿದರಾಯ್ತು. ನಮ್ಮನೇಲೇ ಒಬ್ಬ ಅಳಿಯ ಇದಾನೆ."

ಅವಳಿಗೆ ನಗು ಬರಲಿಲ್ಲ. ಅಂಗಡಿ ಅಕ್ಕನದು. ಮೂರು ವಾರದ ಹಿಂದೆ ಅಳತೆ ಕೊಡಲು ಬಂದ ಹೆಂಗಸೊಬ್ಬಳು "ಒಳಗೇನು ಜೇನು ಕಟ್ಟಿದೆಯಾ?" ಎಂದು ಮೂತಿ ತಿರುವಿದ್ದೇ ನೆಪ, ಕತ್ತರಿಸುವಾಗಿನ ತಂಗಿಯ ಗುನುಗಿಗೆ ಅಕ್ಕ ಬೀಗ ಹಾಕಿದ್ದಳು. ಅಜ್ಜಿಯಿಂದ ಬಂದ ಗುನುಗು ಅದು. ಪದ್ಯ ಹೇಳುವಾಗ ಸಾಲು ಮರೆತರೆ ಅಜ್ಜಿ ತಡವರಿಸುತ್ತಿರಲಿಲ್ಲ. ತುಟಿ ಮುಚ್ಚಿ ಧಾಟಿಯನ್ನಷ್ಟೇ ಹಿಡಿದು ಸಾಗುತ್ತಿದ್ದಳು, ಮುಂದಿನ ಸಾಲು ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು. "ಎದೆ ಹೊಡ್ಕೊಂಡಾಗ ಹೀಗೇ ಮಾಡು ಕೂಸೆ, ಉಸಿರನ್ನ ಉದ್ದಕ್ಕೆ ಬಿಡು" ಎನ್ನುತ್ತಿದ್ದಳು. ಈ ಮೂರು ವಾರ ತಂಗಿ ಉಸಿರು ಬಿಗಿಹಿಡಿದೇ ಕತ್ತರಿಸಿದ್ದಳು. ಭುಜ ಕಲ್ಲಾಗಿತ್ತು.

ಮಿಕ್ಕ ತುಂಡನ್ನು ಹರಡಿ, ಅಚ್ಚನ್ನು ಮಗುಚಿ ಇಟ್ಟಳು. ಬಲತೋಳಿಗೆ ಸರಿಯಾಗಿ ಸಾಕು, ಎರಡು ಬೆರಳಗಲವೂ ಮಿಗದು. ಎಳೆದ ಸೀಮೆಸುಣ್ಣದ ಗೆರೆ ಸೊಟ್ಟಗೆ ಹೋಯಿತು.

ಅಷ್ಟರಲ್ಲಿ ಒಳಗೆ ಬಂದ ಅಕ್ಕ ಟೇಬಲ್ ನೋಡಿ ನಿಂತುಬಿಟ್ಟಳು. "ಅಯ್ಯೋ ನಿನ್ನ! ನಾಳೆ ಮದುಮಗ ಇದನ್ನ ಹಾಕ್ಕೊಂಡು ನಿಲ್ಬೇಕು ಕಣೇ. ಈ ಬಟ್ಟೆ ಬೇಕಂದ್ರೂ ಎಲ್ಲೂ ಸಿಗಲ್ಲ."

"ಗೊತ್ತು."

"ಏನು ಗೊತ್ತು? ಇವತ್ತಿಂದ ಕಟಿಂಗು ಮಾವ ನೋಡ್ಕೋತಾರೆ. ನೀನು ಗುಂಡಿ ಹೊಲ್ಕೊಂಡಿರು."

"ನನ್ನ ಯಾಕಮ್ಮಾ ಬಾವಿಗೆ ತಳ್ತೀಯ?" ಎಂದರು ಮಾವ.

ತಂಗಿ ಕಣ್ಣು ಮುಚ್ಚಿದಳು. ತುಟಿಗಳು ಸೇರಿದವು. ಮೊದಲು ಹೊರಟದ್ದು ತುಕ್ಕು ಹಿಡಿದ ತಿರುಗಣಿಯಂಥ ಸದ್ದು. ಆಮೇಲೆ ಧಾಟಿ ಸಿಕ್ಕಿತು. ಮೂಗಿನ ಬುಡದಲ್ಲಿ, ಎದೆಗೂಡಿನಲ್ಲಿ ಸಣ್ಣಗೆ ಝೇಂಕರಿಸಿತು. ನಾಲ್ಕು ಉಸಿರು ಉದ್ದಕ್ಕೆ ಬಿಡುವುದರೊಳಗೆ ಭುಜ ಇಳಿಯಿತು. ಸೊಟ್ಟಗೆರೆ ಒರೆಸಿ, ಹೊಸದನ್ನು ಒಂದೇ ಎಳೆತಕ್ಕೆ ಎಳೆದಳು. ಕತ್ತರಿ ಬಟ್ಟೆಯ ಅಂಚನ್ನು ಕಚ್ಚಿತು.

ಹೊರಗೆ ಗಿರಾಕಿಗಳ ಮಾತು ಕೇಳಿಸಿತು. ಅಕ್ಕನ ಮುಖ ಕೆಂಪೇರಿತು.

"ಜನ ಬಂದ್ರು, ಸಾಕು ಮಾಡು. ಕತ್ತರಿ ಇತ್ತ ಕೊಡು."

ತಂಗಿ ತಲೆಯೆತ್ತಲಿಲ್ಲ. ಹಿಡಿದ ಸಾಲು ಮುಗಿಯುವವರೆಗೂ ಗುನುಗಿದಳು. ಕತ್ತರಿ ತೋಳಿನ ತಿರುವು ದಾಟಿತು.

"ಕೊಡಲ್ಲಕ್ಕ."