ಅಲೆರಾಣಿಯ ಕಿವಿ

ಹಲಗೆಯ ಮೂತಿಯಲ್ಲಿ ಬಿದ್ದ ಒಡಕನ್ನು ತಂಗಿ ಬೆಳಗಿನಿಂದ ಮರಳುಕಾಗದದಲ್ಲಿ ತಿಕ್ಕುತ್ತಿದ್ದಳು. ಯಾರೋ ಹೊಸಬ ಅಲೆಯ ಜೊತೆ ಬಂಡೆಯನ್ನೂ ಸವಾರಿ ಮಾಡಲು ಹೋಗಿ ಒಡೆದುಕೊಂಡು ಬಂದ ಸರ್ಫಿಂಗ್ ಹಲಗೆ ಅದು. ಒಡಕಿನೊಳಗೆ ಹೊಕ್ಕ ಉಪ್ಪುನೀರು ಪೂರ್ತಿ ಆರುವ ತನಕ ಅಂಟು ಸುರಿಯುವ ಹಾಗಿಲ್ಲ. ಆತುರಬಿದ್ದು ಸುರಿದರೆ ಒಳಗೊಳಗೇ ಕೆಟ್ಟು ಮೇಲೆ ಗುಳ್ಳೆ ಏಳುತ್ತದೆ. ತಿಕ್ಕುವುದು, ಕಾಯುವುದು, ಮತ್ತೆ ತಿಕ್ಕುವುದು. ತಂಗಿಯ ಬದುಕು ಬಹುಮಟ್ಟಿಗೆ ಇದರಲ್ಲೇ ಸವೆದಿತ್ತು. ಬಿಳಿ ಪುಡಿ ಹುಬ್ಬಿನ ಮೇಲೆ, ಕತ್ತಿನ ಮಡಿಕೆಗಳಲ್ಲಿ ಕೂತು, ಹಿಟ್ಟಿನ ಗಿರಣಿಯಿಂದ ಎದ್ದು ಬಂದವಳ ಹಾಗೆ ಕಾಣುತ್ತಿದ್ದಳು.

ಹಲಗೆ ರಿಪೇರಿಯ ಆ ಅಂಗಡಿಯ ಮೇಲಿನ ಕೋಣೆಯಲ್ಲಿ ಅಕ್ಕ ಇದ್ದಳು. ಸರ್ಫಿಂಗ್ ಬಲ್ಲ ಜನಕ್ಕೆ ಅಕ್ಕನ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಹೆಂಗಸರು ಮೊಣಕಾಲಷ್ಟು ನೀರಲ್ಲಿ ನಿಂತು ಸೀರೆ ಲಂಗ ನೆನೆಸಿಕೊಂಡರೆ ಸಾಕು ಎನ್ನುತ್ತಿದ್ದ ಕಾಲದಲ್ಲಿ, ಗಂಡಸರೂ ದಡದಲ್ಲೇ ಕೂತು ಆಕಳಿಸಿದಂಥ ದೊಡ್ಡ ಅಲೆಯ ದಿನ ಒಬ್ಬಳೇ ಒಳಗೆ ಹೋಗಿ ಹಲಗೆಯ ಮೇಲೆ ನಿಂತು ಬಂದವಳು. ಪತ್ರಿಕೆಯವರು ಅಲೆರಾಣಿ ಎಂದು ಕರೆದರು. ಆ ಹೆಸರು ಮೈಗೆ ಅಂಟಿದ ಮೇಲೆ ನಡಿಗೆಯೂ ರಾಣಿಯದೇ ಆಯಿತು. ರಾಣಿಯ ಹಲಗೆ ಹೊತ್ತವಳು, ಮೇಣ ಹಚ್ಚಿದವಳು, ಒಡೆದಾಗ ಕೂಡಿಸಿದವಳು ತಂಗಿ. ಮದುವೆಯ ಮಾತು ಬಂದಾಗಲೆಲ್ಲ ಎಲ್ಲಿಯೋ ಒಂದು ಸ್ಪರ್ಧೆ ಇರುತ್ತಿತ್ತು. ಮಾತು ಹಾಗೇ ಹಿಂದೆ ಬಿತ್ತು.

ಈಗ ರಾಣಿಗೆ ಕಿವಿ ಕೇಳುತ್ತಿರಲಿಲ್ಲ. ತಣ್ಣೀರು, ತಣ್ಣನೆ ಗಾಳಿ ವರ್ಷಾನುಗಟ್ಟಲೆ ಹೊಡೆದರೆ ಕಿವಿಯ ದಾರಿಯಲ್ಲಿ ಮೂಳೆ ಬೆಳೆಯುತ್ತದೆ. ಈ ಆಟದವರಿಗೆಲ್ಲ ಅಷ್ಟಿಷ್ಟು ಇರುತ್ತದೆ. ಅಕ್ಕನದು ಮಾತ್ರ ಸೂಜಿ ತೂರದಷ್ಟು ಮುಚ್ಚಿಹೋಗಿತ್ತು. ಕೊರೆಸಿ ತೆಗೆಸಿ ಎಂದು ಡಾಕ್ಟರು ಹೇಳಿದಾಗ, ಅಷ್ಟು ತಿಂಗಳು ನೀರಿಗೆ ಇಳಿಯದೆ ಇರುವುದಾದರೆ ಕಿವಿ ಯಾಕೆ ಬೇಕು ಎಂದು ಎದ್ದು ಬಂದಿದ್ದಳು. ಆಮೇಲೆ ವಯಸ್ಸಾಯಿತು, ಡಾಕ್ಟರೇ ಬೇಡ ಎಂದರು.

ಊರಿಗೆ ಇದು ಗೊತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ತಂಗಿ ಪಕ್ಕಕ್ಕೆ ಬಂದು ನಿಂತು, ಸದ್ದಿಲ್ಲದೆ ಬರೀ ತುಟಿ ಆಡಿಸಿ ಅಷ್ಟನ್ನೂ ದಾಟಿಸುತ್ತಿದ್ದಳು. ಅಕ್ಕ ಆ ತುಟಿ ಓದಿ ಗಟ್ಟಿ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. "ತಂಗಿ ಕಿವಿಯಲ್ಲಿ ಊದಿದರೆ ಮಾತ್ರ ಬಾಯಿ ಬಿಡ್ತಾಳೆ, ಎಷ್ಟು ಜಂಬ ನೋಡಿ" ಎಂದು ಜನ ಆಡಿಕೊಳ್ಳುತ್ತಿದ್ದರು. ಜಂಬದ ಹೆಸರು ಅಕ್ಕನಿಗೆ ಹಿತವಾಗಿಯೇ ಇತ್ತು. ಕಿವುಡಿನ ಹೆಸರು ಬಂದರೆ ಸಮುದ್ರವೇ ಹೋಗುತ್ತಿತ್ತು. ಯಾಕೆಂದರೆ ನೀರಿನಲ್ಲಿ ಎಲ್ಲವೂ ಕೂಗಿನ ಮೇಲೆ ನಡೆಯುತ್ತದೆ. ಅಲೆ ಮೊದಲು ಮುರಿಯುವ ಜಾಗಕ್ಕೆ ಯಾರು ಹತ್ತಿರವೋ ಅಲೆ ಅವರದು. ಅವರು "ನಂದು" ಎಂದು ಕೂಗಿದ ಮೇಲೆ ಉಳಿದವರು ಹಲಗೆ ತಡೆದು ದಾರಿ ಬಿಡಬೇಕು. ಕೂಗು ಕೇಳದವರು ಅಡ್ಡ ನುಗ್ಗಿದರೆ ಹಲಗೆಯ ಅಂಚು ಕೊಡಲಿಯ ಹಾಗೆ ಬಂದು ಬೀಳುತ್ತದೆ. ಹಿಂದೆ ಹಾಗೆ ಒಬ್ಬನ ದವಡೆ ಹೋದ ಮೇಲೆ, ಕಿವಿ ಕೇಳದವರು ಅಲೆ ಮುರಿಯುವ ಸಾಲಿಗೆ ಹೋಗಕೂಡದು ಎಂದು ಕ್ಲಬ್ಬಿನಲ್ಲಿ ನಿಯಮ ಮಾಡಿದ್ದರು.

ಅದಕ್ಕೇ ಅಕ್ಕ ನಸುಕಿನಲ್ಲಿ, ಯಾರೂ ಇಲ್ಲದಾಗ ಇಳಿಯುತ್ತಿದ್ದಳು. ಯಾರಾದರೂ ಬಂದರೆ ಕೆಂಪು ಬಟ್ಟೆ ಬೀಸಲು ತಂಗಿ ದಡದಲ್ಲಿ ನಿಂತಿರಬೇಕು. ಜ್ವರ ಇರಲಿ, ಮಂಡಿ ಊದಲಿ, ನಿಂತಿರಬೇಕು. ನಿಂತು ನಿಂತು ತಂಗಿಗೆ ಸಮುದ್ರದ ಸದ್ದು ಕೇಳಿದರೇ ಸಾಕಪ್ಪಾ ಅನ್ನಿಸುತ್ತಿತ್ತು.

ಆ ದಿನ ಮಧ್ಯಾಹ್ನ ಕ್ಲಬ್ಬಿನ ಕಾರ್ಯದರ್ಶಿ ಬಂದ. ಅವನು ಹಲ್ಲಿನ ಡಾಕ್ಟರು. ಹಲ್ಲಿಗಿಂತ ಅಲೆಯ ಮೇಲೆ ಜೀವ ಇಟ್ಟವನು.

"ಆಂಟಿ, ಅಮ್ಮ ಇದಾರಾ?"

ಅಕ್ಕ ಊರಿಗೆಲ್ಲ ಅಮ್ಮನಾಗಿದ್ದಳು. ಎರಡೇ ವರ್ಷಕ್ಕೆ ಚಿಕ್ಕವಳಾದ ತಾನು ಆಂಟಿಯಲ್ಲೇ ನಿಂತೆನಲ್ಲ ಎಂದುಕೊಂಡು ತಂಗಿ ಕೈ ಒರೆಸಿಕೊಂಡಳು. ಅಷ್ಟರಲ್ಲಿ ಅಕ್ಕ ಮೆಟ್ಟಿಲಿಳಿದು ಬಂದು ಕುರ್ಚಿಯಲ್ಲಿ ಕೂತಳು.

ಕಾರ್ಯದರ್ಶಿ ಉತ್ಸಾಹದಲ್ಲಿ ಬೇಯುತ್ತಿದ್ದ. ಕ್ಲಬ್ಬಿನ ಹೊಸ ಕಟ್ಟಡದಲ್ಲಿ ಹಿರಿಯರ ಗೋಡೆ ಅಂತ ಒಂದು ಮಾಡಿದ್ದಾರಂತೆ. ಸರ್ಫಿಂಗಿಗೆ ಹೆಸರು ತಂದವರ ದೊಡ್ಡ ದೊಡ್ಡ ಫೋಟೋಗಳಂತೆ. ಹಲಗೆ ಮಾಡಲು ಮರ ಸಿಗದೆ ಮನೆಯ ಮುಂಬಾಗಿಲನ್ನೇ ಕಿತ್ತು ಕೆತ್ತಿದ ಬಡಗಿ ಬಾಗಿಲಪ್ಪ ಇದ್ದಾನೆ. ಅಲೆಯ ಮೇಲೆ ಎರಡೂ ಕೈ ಚಾಚಿ ತೇಲುತ್ತಿದ್ದ, ಹದ್ದು ಎಂದೇ ಹೆಸರಾದವನು ಇದ್ದಾನೆ. ನಾಳೆ ಎಷ್ಟು ಅಡಿ ಅಲೆ ಎಂದು ಆಕಾಶ ನೋಡಿ ಹೇಳುತ್ತಿದ್ದ ಟಪಾಲಿನವನೂ ಇದ್ದಾನೆ.

"ಬಾಗಿಲಪ್ಪನ ಹೆಂಡತಿ ಫೋಟೋನೂ ಹಾಕಿ" ಎಂದಳು ತಂಗಿ. "ಆರು ತಿಂಗಳು ಬಾಗಿಲಿಗೆ ಗೋಣಿತಾಟು ಕಟ್ಟಿಕೊಂಡು ಸಂಸಾರ ಮಾಡಿದಾಳೆ ಪಾಪ."

ಕಾರ್ಯದರ್ಶಿ ನಕ್ಕ. "ಅಮ್ಮನದು ನಟ್ಟನಡುವೆ. ಭಾನುವಾರ ಉದ್ಘಾಟನೆ. ಆಮೇಲೆ ಅಮ್ಮ ಒಂದೇ ಒಂದು ಅಲೆ ಹಿಡೀಬೇಕು. ನಮ್ಮ ಹುಡುಗ ಹುಡುಗೀರೆಲ್ಲಾ ನೀರಲ್ಲಿ ಕೂತಿರ್ತಾರೆ. ಒಳ್ಳೆ ಅಲೆ ಬರ್ತಿದ್ದ ಹಾಗೆ ಎಲ್ಲಾ ಒಟ್ಟಿಗೆ 'ಹೋಗಮ್ಮಾ' ಅಂತ ಕೂಗ್ತಾರೆ. ಹೇಗಿದೆ ಗೌರವ?"

ಕಿವಿ ಕೇಳದವಳಿಗೆ ಕೂಗಿನ ಗೌರವ. ತಂಗಿ ಅಕ್ಕನ ಕಡೆ ತಿರುಗಿ ತುಟಿ ಆಡಿಸಿದಳು: ಗೋಡೆ ಮೇಲೆ ನಿನ್ನ ಫೋಟೋ ಹಾಕ್ತಾರಂತೆ, ಬಂದು ಕೂತು ಹೋದರೆ ಸಾಕಂತೆ. ಇಷ್ಟು ವರ್ಷದಲ್ಲಿ ಅವಳು ಒಂದಕ್ಷರ ಆಚೀಚೆ ಮಾಡಿದ್ದು ಅದೇ ಮೊದಲು. ಆಮೇಲೆ ಅಕ್ಕನಿಗೆ ತುಟಿ ಕಾಣದ ಹಾಗೆ ತಿರುಗಿ ಕಾರ್ಯದರ್ಶಿಗೆ ಹೇಳಿದಳು, "ಅಕ್ಕಂಗೆ ಮಂಡಿ ನೋವಪ್ಪಾ. ಫೋಟೋಗೆ ಬರ್ತಾಳೆ, ನೀರಿಗೆ ಆಗಲ್ಲ."

"ಯಾವ ಮಂಡಿ?" ಎಂದಳು ಅಕ್ಕ.

ತಂಗಿ ತಿರುಗಿ ನೋಡಿದಳು. ಅಕ್ಕನಿಗೆ ಮಾತು ಕೇಳಿಸಿರಲಿಲ್ಲ. ತಂಗಿ ತನ್ನ ಮಂಡಿಯ ಮೇಲೆ ಕೈ ಇಟ್ಟುಕೊಂಡು ಮಾತಾಡಿದ್ದನ್ನು ಅಕ್ಕ ನೋಡಿದ್ದಳು. ಅದಕ್ಕಿಂತ ಮೊದಲು ಕಾರ್ಯದರ್ಶಿಯ ಕೈಗಳನ್ನೂ ನೋಡಿದ್ದಳು. ಸರ್ಫಿಂಗಿನವರಿಗೆ ಕೈ ಕಟ್ಟಿಹಾಕಿದರೆ ಮಾತೇ ಹೊರಡುವುದಿಲ್ಲ. ಒಂದು ಅಂಗೈ ಅಲೆ, ಇನ್ನೊಂದು ಅಂಗೈ ಹಲಗೆ. ಅವನು ಮಾತಾಡುವಾಗ ಅಲೆ ಎದ್ದು, ಹಲಗೆ ಅದರ ಮೇಲಿಂದ ಜಾರಿ, ಬೆರಳು ಅಕ್ಕನ ಕಡೆ ತಿರುಗಿತ್ತು. ಅಷ್ಟು ಓದಲು ಅವಳಿಗೆ ಯಾರ ತುಟಿಯೂ ಬೇಕಿರಲಿಲ್ಲ.

"ಬರ್ತೀನಿ" ಎಂದಳು ಅಕ್ಕ. "ಒಂದಲ್ಲ, ಎರಡು ಹಿಡೀತೀನಿ."

ಅವನು ಕೈ ಮುಗಿದು ಹೋದ. ಅಕ್ಕ ಕುರ್ಚಿಯಿಂದ ಏಳಲಿಲ್ಲ.

"ಕಿವಿ ಆಗಿರು ಅಂತ ಪಕ್ಕದಲ್ಲಿ ನಿಲ್ಲಿಸಿಕೊಂಡರೆ, ಬಾಯಿಯೂ ಆಗೋಕೆ ಹೊರಟ್ಯಾ?"

"ನೀರು ತುಂಬಾ ಜನ ಇರ್ತಾರೆ ಅಕ್ಕಾ. ಯಾರಾದ್ರೂ ನಂದು ಅಂತ ಕೂಗಿದ್ರೆ?"

"ನನಗೋಸ್ಕರ ಕೂತೋರು ನನಗೇ ಅಡ್ಡ ಬರ್ತಾರಾ?"

"ಹೇಳಿಬಿಡೋಣ. ಇನ್ನೆಷ್ಟು ದಿನ ಮುಚ್ಚಿಡೋದು?"

"ಹೇಳಿ? ಮಾರನೇ ದಿನದಿಂದ ನಾನೇನು ಮಾಡ್ಲಿ? ನಿನ್ನ ಜೊತೆ ಕೂತು ಹಲಗೆ ತಿಕ್ಲಾ?"

ಅಕ್ಕ ಎದ್ದು ಮೆಟ್ಟಿಲು ಹತ್ತಿದಳು. "ತಿಕ್ಕಿದ್ರೆ ಕಿರೀಟ ಸವೆದು ಹೋಗುತ್ತಾ ಮಹಾರಾಣೀ?" ಎಂದು ತಂಗಿ ಅವಳ ಬೆನ್ನಿಗೆ ಗಟ್ಟಿಯಾಗಿಯೇ ಹೇಳಿದಳು. "ನಾನು ನಿನ್ನ ಕಿವಿ ಆದೆ, ನಿನ್ನ ಕೂಲಿ ಆದೆ. ನನಗೇನಾದ್ರೂ ಬೇಕಾ ಅಂತ ಒಂದು ದಿನ ಕೇಳಿದ್ಯಾ?" ಬೈಗುಳ, ಅಳು ಎಲ್ಲವನ್ನೂ ಅವಳು ಅಕ್ಕನ ಬೆನ್ನಿಗೇ ಒಪ್ಪಿಸುತ್ತಿದ್ದಳು. ಬೆನ್ನು ಯಾವತ್ತೂ ತಿರುಗಿ ಜವಾಬು ಕೊಟ್ಟಿರಲಿಲ್ಲ.

ಭಾನುವಾರ ಗೋಡೆಯ ಪರದೆ ಸರಿಸಿದರು, ಭಾಷಣಗಳಾದವು. ಅಕ್ಕನ ಫೋಟೋ ಆಳೆತ್ತರಕ್ಕಿತ್ತು: ತಲೆಯ ಮೇಲೆ ನೀರಿನ ಗೋಡೆ ಬಾಗಿದೆ, ಅದರ ಕೆಳಗೆ ಅವಳು ಅಂಗಳದಲ್ಲಿ ನಿಂತಷ್ಟು ಸಲೀಸಾಗಿ ನಿಂತಿದ್ದಾಳೆ. ಎಷ್ಟೇ ಕೋಪವಿದ್ದರೂ ತಂಗಿ ಅದನ್ನು ಎರಡೆರಡು ಸಲ ತಿರುಗಿ ನೋಡಿದಳು. ಭಾಷಣಗಳನ್ನು ತುಟಿಯಲ್ಲಿ ದಾಟಿಸಿ ದಾಟಿಸಿ ದವಡೆ ನೋಯುತ್ತಿತ್ತು. ಒಬ್ಬರು ಅಲೆಯ ಮಹಿಮೆಯನ್ನು ಎಷ್ಟು ಹೊತ್ತು ಕೊರೆದರೆಂದರೆ, ಅವಳು "ಇನ್ನೂ ಅದನ್ನೇ ಹೇಳ್ತಿದಾರೆ" ಎಂದಷ್ಟೇ ದಾಟಿಸಿ ಸುಮ್ಮನಾದಳು.

ಸಮುದ್ರದ ದಂಡೆಗೆ ಬಂದಾಗ ತಂಗಿ ಯಾರದೋ ರಬ್ಬರಿನ ಈಜುಡುಗೆ ಇಸಿದುಕೊಂಡು ಅದರೊಳಗೆ ತನ್ನನ್ನು ತುರುಕಿಕೊಂಡಳು.

"ಇದೇನೇ ಪುಟ್ಟಿ, ದಿಂಬಿಗೆ ಕಾಲುಚೀಲ ತೊಡಿಸಿದ ಹಾಗಿದೀಯಾ!" ಎಂದಳು ಅಕ್ಕ.

"ನಾನೂ ಬರ್ತೀನಿ."

"ನೀನು ಹಲಗೆ ಮೇಲೆ ಮಲಗಿ ಎಷ್ಟು ವರ್ಷ ಆಯ್ತು?"

"ನಿನ್ನ ಪಕ್ಕ ಇರ್ತೀನಿ. ಬೇರೆ ಮಾತು ಬೇಡ."

ಅಕ್ಕ ಬೇಡವೆನ್ನಲಿಲ್ಲ. ಇಬ್ಬರೂ ಹಲಗೆಯ ಮೇಲೆ ಬೋರಲು ಮಲಗಿ ಕೈಯಲ್ಲಿ ನೀರು ಎಳೆಯುತ್ತ ಹೋದರು. ನೊರೆ ದಾಟುವಷ್ಟರಲ್ಲಿ ತಂಗಿಯ ಭುಜ ಬಿದ್ದುಹೋಗಿತ್ತು, ಮೂಗಿನಲ್ಲಿ ಉಪ್ಪು ಉರಿಯುತ್ತಿತ್ತು. ಅಕ್ಕ ಮಾತ್ರ ಮೀನಿನ ಹಾಗೆ ಮುಂದೆ ಹೋಗುತ್ತಿದ್ದಳು.

ಆಚೆ ಹುಡುಗ ಹುಡುಗಿಯರು ಸಾಲಾಗಿ ಹಲಗೆಗಳ ಮೇಲೆ ಕೂತು ಚಪ್ಪಾಳೆ ತಟ್ಟಿದರು. ಎರಡು ಸಣ್ಣ ಅಲೆಗಳನ್ನು ಅಕ್ಕ ಬಿಟ್ಟಳು. ಮೂರನೆಯದು ದೂರದಲ್ಲೇ ಬೆನ್ನು ಎತ್ತಿತು. "ಹೋಗಮ್ಮಾ! ಹೋಗಮ್ಮಾ!" ಎಂದು ಸಾಲೆಲ್ಲ ಬೊಬ್ಬೆ ಹೊಡೆಯಿತು. ಅಕ್ಕ ಕಣ್ಣಳತೆಯಲ್ಲೇ ಹಲಗೆ ತಿರುಗಿಸಿ ಎಳೆಯತೊಡಗಿದಳು.

ಆಗ ತಂಗಿಗೆ ಬಲಗಡೆಯಿಂದ ಬೇರೊಂದು ಕೂಗು ಕೇಳಿತು. "ನಂದು! ನಂದು!" ಈ ಸಾಲಿಗೆ ಸೇರದ ಯಾವಳೋ ಹುಡುಗಿ, ಆಚೆ ಬಂಡೆಯ ಹತ್ತಿರ ಅಲೆ ಮೊದಲು ಮುರಿಯುವ ಜಾಗದಲ್ಲೇ ಅದನ್ನು ಹಿಡಿದು, ಎದ್ದು ನಿಂತು, ಬಾಣದ ಹಾಗೆ ಬರುತ್ತಿದ್ದಳು. ಅಲೆ ಅವಳದೇ. ಉದ್ಘಾಟನೆ, ರಾಣಿ, ಗೋಡೆ ಯಾವುದೂ ಆ ನಿಯಮವನ್ನು ಬದಲಿಸುವುದಿಲ್ಲ. ನೇರ ದಾರಿಯಲ್ಲಿ ಅಕ್ಕನ ತಲೆ ಇತ್ತು.

ತಂಗಿ ಮೈಯೆಲ್ಲ ಕೈಯಾಗಿ ಮುಂದಕ್ಕೆ ಬಿದ್ದು ಅಕ್ಕನ ಹಲಗೆಯ ಬಾಲ ಹಿಡಿದು ಹಿಂದಕ್ಕೆ ಜಗ್ಗಿದಳು.

ಸರ್ಫಿಂಗಿನಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಅಲೆ ಹಿಡಿಯುವವರ ಬಾಲ ಎಳೆಯುವುದೆಂದರೆ ಊಟಕ್ಕೆ ಕೂತವರ ತಟ್ಟೆ ಕಸಿದ ಹಾಗೆ. ದಡದ ಅಷ್ಟೂ ಜನ ನೋಡುತ್ತಿದ್ದರು. ಅಕ್ಕ ಗರ್ರನೆ ತಿರುಗಿ ಕೈ ಎತ್ತಿದಳು. ಕೈ ಎತ್ತಿದಲ್ಲೇ ನಿಂತಿತು. ಅವಳ ಹಲಗೆಯ ಮೂತಿಯ ಮುಂದೆ, ಮೊಳ ದೂರದಲ್ಲಿ, ಹುಡುಗಿ ಹಾದುಹೋದಳು. ಅವಳ ಬಾಯಿ ಪೂರ್ತಿ ತೆರೆದಿತ್ತು, ಕತ್ತಿನ ನರ ಉಬ್ಬಿದ್ದವು.

ಅಲೆ ಹೋದ ಮೇಲೆ ನೀರು ಚಪ್ಪಟೆಯಾಯಿತು.

"ಯಾವಾಗಿಂದ ಕೂಗ್ತಿದ್ಲು?" ಎಂದಳು ಅಕ್ಕ.

"ಶುರುವಿಂದ."

"ನನಗೆ ಒಂದು ಚೂರೂ..." ಅಕ್ಕ ನಿಲ್ಲಿಸಿದಳು. ದೂರ ಹೋಗಿದ್ದ ಹುಡುಗಿಯ ಕಡೆ ತಿರುಗಿದಳು. "ಎಷ್ಟು ವಯಸ್ಸಿರಬಹುದು ಅದಕ್ಕೆ?"

"ಹದಿನಾರು, ಹದಿನೇಳು."

"ಸತ್ತೇ ಹೋಗ್ತಿತ್ತಲ್ಲೇ ಪುಟ್ಟಿ."

ತಂಗಿಗೆ ಉಸಿರೇ ಸಾಲುತ್ತಿರಲಿಲ್ಲ. ಇನ್ನೂ ಒಳ್ಳೊಳ್ಳೆ ಅಲೆಗಳು ಬಂದವು, ಸಾಲು ಕೂಗಿತು, ಅಕ್ಕ ಕದಲಲಿಲ್ಲ. ಕೊನೆಗೆ ಇಬ್ಬರೂ ಕಲಿಯುವ ಮಕ್ಕಳ ಹಾಗೆ ಹೊಟ್ಟೆಯ ಮೇಲೆ ಮಲಗಿಯೇ ನೊರೆಯಲ್ಲಿ ತೇಲಿ ದಡಕ್ಕೆ ಬಂದರು.

ಕಾರ್ಯದರ್ಶಿ ಮೈಕು ಹಿಡಿದೇ ಓಡಿ ಬಂದ. "ಏನಾಯ್ತಮ್ಮಾ? ಯಾಕೆ ವಾಪಸ್ ಬಂದ್ರಿ?"

ರೂಢಿಯಂತೆ ಎಲ್ಲರೂ ತಂಗಿಯ ಕಡೆ ನೋಡಿದರು. ಅಕ್ಕನೂ ತಂಗಿಯ ತುಟಿ ನೋಡಿದಳು. ಕಾಲು ಮರಗಟ್ಟಿತು ಎಂಬ ಸುಳ್ಳು ತಂಗಿಯ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಅದನ್ನು ಹೊರಗೆ ತರಲು ಅವಳಲ್ಲಿ ತ್ರಾಣವಿರಲಿಲ್ಲ. ಮರಳಿನ ಮೇಲೆ ಕುಸಿದು ಕೂತು ಬಾಯಿ ಮುಚ್ಚಿಕೊಂಡಳು.

ಅಕ್ಕ ಕಾದಳು. ತುಟಿ ಅಲುಗಲಿಲ್ಲ.

"ನನಗೆ ಕಿವಿ ಕೇಳಲ್ಲಪ್ಪಾ" ಎಂದಳು ಅಕ್ಕ, ಯಾವತ್ತಿನ ಅದೇ ಗಟ್ಟಿ ದನಿಯಲ್ಲಿ. "ತುಂಬಾ ವರ್ಷ ಆಯ್ತು."

ಕಾರ್ಯದರ್ಶಿ ಗಾಬರಿಯಲ್ಲಿ ಮೈಕನ್ನು ಬಾಯಿಗೆ ಒತ್ತಿಕೊಂಡು, "ಕೇಳಲ್ವಾ?" ಎಂದು ಕಿರುಚಿದ. ಇಡೀ ದಂಡೆಗೆ ಕೇಳಿತು. ಅಕ್ಕನಿಗೊಬ್ಬಳಿಗೆ ಕೇಳಲಿಲ್ಲ. ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಅವನು ಕೆಳಗೆ ಕೂತು ಹಸಿ ಮರಳಿನಲ್ಲಿ ಬೆರಳಿನಿಂದ ಬರೆದ: ನಿಯಮ ಇದೆಯಲ್ಲಮ್ಮಾ.

"ಗೊತ್ತು. ಅದನ್ನ ಮಾಡಿದಾಗ ಹೌದು ಅಂತ ಮೊದಲು ಕೈ ಎತ್ತಿದೋಳೇ ನಾನು" ಎಂದಳು ಅಕ್ಕ. ಆಮೇಲೆ ಗುಂಪಿನ ಹಿಂದೆ ಹೆದರಿ ನಿಂತಿದ್ದ ಹುಡುಗಿಯನ್ನು ಕೈಸನ್ನೆ ಮಾಡಿ ಕರೆದಳು. "ಬಾ ಇಲ್ಲಿ. ಅಲೆ ನಿಂದೇ ಆಗಿತ್ತು. ತಿರುಗಿಸುವಾಗ ಹಿಂದಿನ ಕಾಲು ಯಾಕಷ್ಟು ಗಟ್ಟಿ ಇಡ್ತೀಯಾ? ಸಡಿಲ ಬಿಡು."

ಹುಡುಗಿ ಏನೋ ಕೇಳಿದಳು. ಅಕ್ಕ ಮರಳು ತೋರಿಸಿದಳು. ಹುಡುಗಿ ಮಂಡಿಯೂರಿ ಬರೆಯತೊಡಗಿದಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬಳು ಬಂದು ನಿಂತರು. ಅಕ್ಕ ಬಗ್ಗಿ ಓದಿ, ಕೈಯಾಡಿಸಿ ಉತ್ತರ ಹೇಳುತ್ತಿದ್ದಳು. ನಡುನಡುವೆ ತಂಗಿ ನಿಲ್ಲುತ್ತಿದ್ದ ಪಕ್ಕಕ್ಕೆ ಕಣ್ಣು ಹಾಯಿಸುತ್ತಿದ್ದಳು. ಎದ್ದು ಹೋಗಿ ಪಕ್ಕದಲ್ಲಿ ನಿಲ್ಲಬೇಕು ಎಂದು ತಂಗಿಗೆ ಅನ್ನಿಸಿತು. ಏಳಲಾಗದೆ ಒದ್ದೆ ಉಡುಗೆಯಲ್ಲೇ ಮರಳಿನ ಮೇಲೆ ಬೆನ್ನು ಚೆಲ್ಲಿದಳು. ಸ್ವಲ್ಪ ಹೊತ್ತು, ಆಮೇಲೆ ಏಳೋಣ ಎಂದುಕೊಳ್ಳುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.