ಚಪಾತಿ ಕೊಟ್ಟ ಚೆಲುವು

ಹುಡುಗಿ ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ಮುಟ್ಟದೆ ಎದ್ದರೆ, ನಮ್ಮ ಕಡೆ ಆ ಸಂಬಂಧ ಅಲ್ಲಿಗೆ ಮುಗಿಯಿತು. ಒಪ್ಪಿಗೆಯಾದರೆ ಹುಡುಗನ ತಾಯಿ ತನ್ನ ತಟ್ಟೆಯಿಂದ ಒಂದು ತುತ್ತು ಹುಡುಗಿಯ ಬಾಯಿಗಿಡುತ್ತಾಳೆ. ನನ್ನನ್ನು ನೋಡಿದ ನಾಲ್ಕು ಮನೆಯವರೂ ತಟ್ಟೆ ಮುಟ್ಟಿರಲಿಲ್ಲ. ನಾಲ್ಕನೆಯವಳು ಸಂತೇಬೆನ್ನೂರಿನ ಚೌಡಮ್ಮ. ಅವಳು ಹೊರಡುವಾಗ ಬಾಯಿಬಿಟ್ಟೇ ಹೇಳಿದಳು: "ಗುಣ ಚೆನ್ನಾಗೈತೆ, ಮೈ ಜಾಸ್ತಿ ಆತು."

ಅಂದಿನಿಂದ ನಮ್ಮವ್ವ ಕರಿಬಸಮ್ಮ ನನ್ನ ತಟ್ಟೆಗೆ ಕಾವಲು ಕೂತಳು. ಇದು ಎಂಬತ್ತಮೂರರ ಮಾತು. ಮುದ್ದೆ ಬಂದ್, ಅನ್ನ ಬಂದ್, ಜೋಳದ ರೊಟ್ಟಿಯೂ ಬಂದ್. ದಾವಣಗೆರೆಯ ಶ್ರೀಮಂತರ ಮನೆ ಹೆಂಗಸರು ಚಪಾತಿ ತಿಂದೇ ತೆಳ್ಳಗಿರುತ್ತಾರಂತೆ. ಯಾರು ಹೇಳಿದರೋ, ಅವರ ನಾಲಿಗೆಗೆ ಹುಳ ಬೀಳಲಿ. ಅಲ್ಲಿಯವರೆಗೆ ಎಮ್ಮೆಗೆ ಬೇಯಿಸಿ ಹಾಕುತ್ತಿದ್ದ ರೇಷನ್ ಗೋಧಿಯನ್ನು ಬೀಸಿಸಿ, ಹೊತ್ತಿಗೆ ಎರಡು ಚಪಾತಿ ಕೊಟ್ಟಳು, ಅದೂ ಎಣ್ಣೆಯಿಲ್ಲದೆ. ಸಂತೆಯ ದಿನ ಅಪ್ಪ ಕೆಲಸ ಮಾಡುವ ಶೇಂಗಾ ಮಂಡಿಗೆ ಕರೆದೊಯ್ದು, ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದಳು. ಹಮಾಲರು ಬೀಡಿ ಸೇದುತ್ತ ನೋಡುತ್ತಿದ್ದರು. ಒಬ್ಬೊಬ್ಬರ ಕಣ್ಣು ಕೀಳಬೇಕೆನಿಸುತ್ತಿತ್ತು.

ತೂಕವೇನೋ ಇಳಿಯಿತು. ಐದು ತಿಂಗಳಿಗೆ ಹದಿನೆಂಟು ಕೆಜಿ! ಅವ್ವನಿಗೆ ಖುಷಿಯೋ ಖುಷಿ. ನಾನು ದಿನಕ್ಕೆ ಆರು ಸಲ ಚೆಂಬು ಹಿಡಿದು ಓಡುವುದು, ಹೊಟ್ಟೆ ಉಬ್ಬಿ ನುಲಿಯುವುದು, ತಲೆ ಬಾಚಿದರೆ ಹಿಡಿ ಕೂದಲು ಬರುವುದು ಅವಳಿಗೆ ಕಾಣಲೇ ಇಲ್ಲ.

"ಕೊಬ್ಬು ಕರಗ್ತಾ ಐತೆ, ಸುಮ್ಕಿರು," ಎಂದಳು.

ಒಂದು ಬೆಳಿಗ್ಗೆ ನೀರು ಸೇದುತ್ತಾ ಬಾವಿಕಟ್ಟೆಯ ಮೇಲೆ ಎಚ್ಚರ ತಪ್ಪಿ ಬಿದ್ದೆ. ಅಪ್ಪ ದಾವಣಗೆರೆಯ ಬಸ್ಸು ಹತ್ತಿಸಿದ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ ಹೇಳಿದರು: "ಗೋಧಿ ನಿನ್ನ ಕರುಳಿಗೆ ಆಗಲ್ಲಮ್ಮ. ಚಪಾತಿ, ರವೆ, ಮೈದಾ ಇನ್ನು ಜನ್ಮದಲ್ಲಿ ಮುಟ್ಟಬೇಡ. ಮುದ್ದೆ, ಜೋಳದ ರೊಟ್ಟಿ, ಅನ್ನ ತಿನ್ನು. ಮೈ ಮತ್ತೆ ತುಂಬುತ್ತೆ."

ಮನೆಗೆ ಬಂದು ಹೇಳಿದರೆ ಅವ್ವನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

"ಮೈ ತುಂಬಾಕೆ ಡಾಕ್ಟ್ರು ಬೇರೆ ಕೇಡು! ನೀನು ಇಳಿದಿದ್ದು ಕೇಳಿ ಚೌಡಮ್ಮ ಮುಂದಿನ ವಾರ ತಿರುಗಿ ಬರ್ತಾಳಂತೆ. ತಾಳಿ ಬೀಳೋತಂಕ ಚಪಾತಿನೇ. ಆಮ್ಯಾಲೆ ಏನಾರ ತಿನ್ನು."

"ಅಲ್ಲೀತಂಕ ನಾನು ಬದುಕಿರಬೇಕಲ್ಲವ್ವ?"

"ಬಾಯಿ ಮುಚ್ಚು."

ಅಪ್ಪ ಎದ್ದು ಹೊರಗೆ ಜಗುಲಿಗೆ ಹೋದ. ಅವನು ಯಾವತ್ತೂ ಹಾಗೆಯೇ. ಆ ವಾರವೆಲ್ಲ ಚಪಾತಿಯನ್ನು ಕದ್ದು ಹಿತ್ತಲಿಗೆಸೆದು, ಶೇಂಗಾ ಜಗಿದು ದಿನ ದೂಡಿದೆ. ಹೊಟ್ಟೆನೋವು ಅರ್ಧ ಇಳಿಯಿತು. ಹಸಿವು ಮತ್ತು ಸಿಟ್ಟು ಎರಡೂ ಏರಿದವು.

ಚೌಡಮ್ಮ ಮಗನೊಂದಿಗೆ ಬಂದಳು. ನಾನು ಉಪ್ಪಿಟ್ಟಿನ ತಟ್ಟೆ ಇಟ್ಟ ಕೂಡಲೇ ನನ್ನ ರಟ್ಟೆ ಹಿಡಿದು, ಕುರಿ ಕೊಳ್ಳುವವರಂತೆ ಹಿಂದೆ ಮುಂದೆ ನೋಡಿದಳು.

"ಈಗ ಹುಡುಗಿ ಅಂದ್ರೆ ಹುಡುಗಿ! ಬಾರೆ ಶಂಕ್ರಮ್ಮ, ಬಾಯಿ ತೆಗಿ," ಎಂದು ತನ್ನ ತಟ್ಟೆಯಿಂದ ತುತ್ತು ಎತ್ತಿದಳು.

ಅಡುಗೆಮನೆ ಬಾಗಿಲಲ್ಲಿ ಅವ್ವ ನನ್ನನ್ನೇ ನುಂಗುವಂತೆ ನೋಡುತ್ತಿದ್ದಳು. ನಾನು ಮುಖ ತಿರುಗಿಸಿದೆ.

"ತಿನ್ನಲ್ಲ ರೀ. ನಾನು ತೆಳ್ಳಗಾಗಿಲ್ಲ, ಕಾಯಿಲೆ ಬಿದ್ದೀನಿ. ಗೋಧಿ ತಿಂದ್ರೆ ಸಾಯ್ತೀನಿ, ಮುದ್ದೆ ತಿಂದ್ರೆ ದಪ್ಪ ಆಗ್ತೀನಿ. ಯಾವ ಸೊಸೆ ಬೇಕು ಹೇಳ್ರಿ."

ಅವಳು ತುತ್ತನ್ನು ತಟ್ಟೆಗೆ ಹಾಕಿ, ಸೆರಗಿಗೆ ಬೆರಳು ಒರೆಸಿಕೊಂಡು ಎದ್ದಳು. ಮಗರಾಯ ನೆಲ ನೋಡುತ್ತ ಹಿಂದೆಯೇ ಹೋದ.

ಅವ್ವ ಅಷ್ಟೂ ಉಪ್ಪಿಟ್ಟನ್ನು ಒಂದು ಬೋಗುಣಿಗೆ ಸುರಿದು ನನ್ನ ಮುಂದೆ ಕುಕ್ಕಿದಳು.

"ತಿನ್ನು! ಮದುವೆ ಆಗದೋಳು ಇದ್ರೆಷ್ಟು, ಸತ್ರೆಷ್ಟು."

ಹೆತ್ತವಳ ಬಾಯಿಂದ ಬಂದ ಮಾತು. ಕಣ್ಣೀರು ಬರಲಿಲ್ಲ, ಮೈ ಉರಿಯಿತು. ಒಲೆಯ ಮೇಲೆ ಎಸರಿಟ್ಟೆ. ರಾಗಿಹಿಟ್ಟಿನ ಡಬ್ಬಕ್ಕೆ ಕೈ ಹಾಕಿದರೆ ಅವಳು ಮುಚ್ಚಳವನ್ನು ಒತ್ತಿ ಹಿಡಿದಳು. ಕಿತ್ತುಕೊಳ್ಳುವ ಶಕ್ತಿ ನನಗಿರಲಿಲ್ಲ. ಮುದ್ದೆಕೋಲು ಎತ್ತಿದೆ. ನಿಜಕ್ಕೂ ಹೊಡೆಯುತ್ತಿದ್ದೆನೋ ಏನೋ ನನಗೆ ತಿಳಿಯದು. ಅವಳಿಗೆ ತಿಳಿಯಿತು, ಕೈ ತೆಗೆದಳು.

ನಾನು ಉಣ್ಣುವಷ್ಟು ಹೊತ್ತೂ ಎದುರು ಕೂತು, "ನಿನ್ನ ಯಾರೂ ಮದುವೆ ಆಗಲ್ಲ, ಯಾರೂ ಆಗಲ್ಲ," ಎನ್ನುತ್ತಲೇ ಇದ್ದಳು. ನಾನು ಎರಡನೆಯ ಮುದ್ದೆ ಮುರಿದೆ.